ಚಿತ್ತೆ ಮಳೆ ಮುಗಿದ ಮೇಲೆ ಕೆರೆಗೆ ಬನ್ನಿ

ದಸರಾ ರಜೆ ಬಂತೆಂದರೆ ಬೆಂಗಳೂರಿನ ಕಾರುಗಳೆಲ್ಲ ಮಡಿಕೇರಿ, ಚಿಕ್ಕಮಗಳೂರಿನ ಕಡೆ ಮುಖ ಮಾಡುತ್ತವೆ. ಅಷ್ಟು ದೂರ ಹೋಗಲಾಗದವರು ನಂದಿಬೆಟ್ಟದ ಬುಡದಲ್ಲಿ ಸಾಲಾಗಿ ನಿಲ್ಲುತ್ತಾರೆ. ಅದೇ ಹೊತ್ತಿಗೆ ರಾಜಧಾನಿಯಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿ, ಮಧುಗಿರಿ ತಾಲ್ಲೂಕಿನ ಪುರವರ ಸೀಮೆಯಲ್ಲಿ, ಪಕ್ಕದ ಕೊರಟಗೆರೆ, ಶಿರಾ, ಪಾವಗಡಗಳಲ್ಲಿ, ಮಳೆ ಒಳ್ಳೆಯದಾದ ವರ್ಷ ಕೆರೆಗಳು ಏರಿಯ ಕಲ್ಲುಕಟ್ಟಣೆ ಮುಳುಗುವಷ್ಟು ತುಂಬಿಕೊಂಡಿರುತ್ತವೆ. ಅಲ್ಲಿ ಯಾರೂ ಇರುವುದಿಲ್ಲ ಎಂದರೆ ತಪ್ಪಾಗುತ್ತದೆ. ಎಮ್ಮೆ ತೊಳೆಯುವವರು, ಕುರಿ ಕಾಯುವವರು, ಬಲೆ ಬಿಡಿಸುವವರು ಬೆಳಗಿನಿಂದಲೇ ಇರುತ್ತಾರೆ. ಪ್ರವಾಸಕ್ಕೆಂದು ಬಂದವರು ಮಾತ್ರ ಕಾಣಿಸುವುದಿಲ್ಲ.

ಈ ಕೆರೆಗಳಿಗೆ ಟಿಕೆಟ್ ಇಲ್ಲ, ದೋಣಿ ವಿಹಾರವಿಲ್ಲ, ಹೆಸರು ಬರೆದ ಫಲಕವೂ ಎಷ್ಟೋ ಕಡೆ ಇಲ್ಲ. ಹಾಗಾಗಿ ಬಂದವರಿಗೆ ಏನು ನೋಡಬೇಕೆಂದು ಹೇಳಿಕೊಡುವವರೂ ಇಲ್ಲ. ಏರಿ ಮೇಲೆ ಕಾರು ನಿಲ್ಲಿಸಿ, ಎರಡು ಫೋಟೊ ತೆಗೆದು, ‘ಚೆನ್ನಾಗಿದೆ’ ಎಂದು ಹೊರಟುಬಿಡುತ್ತಾರೆ. ಬಯಲುಸೀಮೆಯ ಕೆರೆ ಹಾಗೆ ಒಂದು ನೋಟಕ್ಕೆ ಸಿಗುವಂಥದ್ದಲ್ಲ. ಅದು ಜನ ಕಟ್ಟಿದ್ದು, ದಿನವೂ ದುಡಿಯುವಂಥದ್ದು. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಯಾರ ಹೊಲ ಸೇರುತ್ತದೆ ಎಂಬುದನ್ನು ಬೆನ್ನು ಹತ್ತಿ ಹೋದರೆ ಒಂದು ಇಡೀ ದಿನ ಸಾಲುವುದಿಲ್ಲ. ಈ ಸೀಮೆಯ ರಜೆಯ ಸುಖ ಇರುವುದು ಆ ಬೆನ್ನು ಹತ್ತುವುದರಲ್ಲಿಯೇ.

ಮೊದಲಿಗೆ ಕಾಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 700 ಮಿಲಿಮೀಟರ್. ಪಾವಗಡದ ಕಡೆ ಹೋದಷ್ಟೂ ಕಡಿಮೆ. ಮಲೆನಾಡಿನಂತೆ ಜೂನ್‌ನಲ್ಲಿ ಕೆರೆ ತುಂಬುವ ಊರಲ್ಲ ಇದು. ಮುಂಗಾರು ಇಲ್ಲಿಗೆ ಗಾಳಿಯನ್ನೇ ಹೆಚ್ಚು ತರುತ್ತದೆ. ಕೆರೆಗೆ ನೀರು ಬರುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಾಲ್ಕನೇ ವಾರದ ತನಕ. ಸ್ವಾತಿಯೂ ಕೈಹಿಡಿದರೆ ನವೆಂಬರ್ ಮೊದಲ ವಾರದವರೆಗೆ. ದಸರಾ, ದೀಪಾವಳಿ ರಜೆಗಳು ಸರಿಯಾಗಿ ಈ ಕಾಲಕ್ಕೆ ಬೀಳುತ್ತವೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆತಂದು ಕೆರೆ ತೋರಿಸುತ್ತೇನೆಂದರೆ ಜಾಲಿ ಬೆಳೆದ ಅಂಗಳ ತೋರಿಸಬೇಕಾದೀತು.

ಎಲ್ಲ ವರ್ಷವೂ ಹೀಗೆ ನಡೆಯುವುದಿಲ್ಲ. 2022ರ ಮಳೆಗೆ ತುಮಕೂರು ಜಿಲ್ಲೆಯ ಕೆರೆಗಳು ಸಾಲುಸಾಲಾಗಿ ತುಂಬಿ ಕೋಡಿ ಬಿದ್ದವು, ಜಯಮಂಗಲಿ ಹೊಳೆ ದಡ ಮೀರಿ ಹರಿಯಿತು. ಮರುವರ್ಷವೇ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಆದ್ದರಿಂದ ಹೊರಡುವ ಮೊದಲು ಊರಿನ ಪರಿಚಯದವರಿಗೆ ಒಂದು ಫೋನ್ ಮಾಡುವುದು ಒಳ್ಳೆಯದು. ‘ನೀರೈತಾ?’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ, ‘ಕೋಡಿ ಬಿದ್ದೈತಾ?’ ಎಂದೂ ಕೇಳಿ. ಈ ಎರಡು ಪ್ರಶ್ನೆಗಳ ನಡುವೆ ಒಂದು ಹಬ್ಬದಷ್ಟು ಅಂತರವಿದೆ.

ಗೊರವನಹಳ್ಳಿಯಿಂದ ಮುಂದೆ

ಎಲ್ಲಿಂದ ಶುರು ಮಾಡಬೇಕೆಂದು ಕೇಳಿದರೆ ನಾನು ತೀತಾ ಎನ್ನುತ್ತೇನೆ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಯ ಗುಡಿಗೆ ಶುಕ್ರವಾರವೆಂದರೆ ಬಸ್ಸುಗಟ್ಟಲೆ ಜನ ಬರುತ್ತಾರೆ. ಪೂಜೆ, ಪ್ರಸಾದ ಮುಗಿಸಿ ಬಂದ ದಾರಿಯಲ್ಲೇ ತಿರುಗುತ್ತಾರೆ. ಅಲ್ಲಿಗೆ ಹತ್ತಿರದಲ್ಲೇ ಜಯಮಂಗಲಿಗೆ ಅಡ್ಡಲಾಗಿ ಕಟ್ಟಿದ ತೀತಾ ಜಲಾಶಯವಿದೆ. ದೇವಸ್ಥಾನದ ಗದ್ದಲ ಕಿವಿಯಲ್ಲಿ ಇರುವಾಗಲೇ ಆ ಕಟ್ಟೆಯ ಮೇಲೆ ಹೋಗಿ ನಿಂತರೆ ಎದುರಿಗೆ ಬರಿ ನೀರು, ಅದರಾಚೆ ಗುಡ್ಡ. ಅಷ್ಟು ಜನರಲ್ಲಿ ಇಲ್ಲಿಯವರೆಗೆ ನಡೆದು ಬರುವವರು ಬೆರಳೆಣಿಕೆಯವರು.

ಜಯಮಂಗಲಿ ದೊಡ್ಡ ನದಿಯಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಉತ್ತರಕ್ಕೆ ಹರಿದು, ಸುವರ್ಣಮುಖಿಯನ್ನೂ ಹೊಳವನಹಳ್ಳಿಯ ಬಳಿ ಗರುಡಾಚಲವನ್ನೂ ಕೂಡಿಸಿಕೊಂಡು, ಮಧುಗಿರಿ ತಾಲ್ಲೂಕಿನ ಪುರವರ, ಕೊಡಿಗೇನಹಳ್ಳಿ ಸೀಮೆ ಹಾದು ಆಂಧ್ರದ ಗಡಿ ದಾಟುತ್ತದೆ. ಅಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ವರ್ಷದ ಹೆಚ್ಚು ತಿಂಗಳು ಅದು ಮರಳಿನ ಹಾದಿ. ಆದರೆ ಈ ಸೀಮೆಯ ಕೆರೆ, ಬಾವಿ, ತೋಟಗಳ ಲೆಕ್ಕವೆಲ್ಲ ಆ ಮರಳಿನ ಅಡಿಯಲ್ಲೇ ಇತ್ತು. ‘ಇತ್ತು’ ಎನ್ನಬೇಕಾಗಿ ಬಂದಿರುವುದು ನೋವಿನ ಮಾತು. ಲಾರಿಗಟ್ಟಲೆ ಮರಳು ಹೋದ ಮೇಲೆ ಹೊಳೆಯ ಪಾತ್ರ ತಗ್ಗಿತು, ದಂಡೆಯ ಬಾವಿಗಳ ನೀರು ಇಳಿಯಿತು. ತೀತಾದಿಂದ ಪುರವರದ ಕಡೆಗೆ ಹೊಳೆಯ ಪಕ್ಕದ ಹಳ್ಳಿಗಳ ದಾರಿ ಹಿಡಿದು ಬಂದರೆ ಎರಡನ್ನೂ ಕಣ್ಣಾರೆ ನೋಡಬಹುದು: ನೀರು ನಿಂತ ಕಡೆ ಅಡಿಕೆ, ತೆಂಗು, ಮರಳು ಹೋದ ಕಡೆ ಬರಿಗುಂಡಿ, ಜಾಲಿ.

ಕೋಡಿಯಿಂದ ಶುರು ಮಾಡಿ

ಊರ ಕೆರೆಗೆ ಹೋದಾಗ ಏರಿಯ ನಡುವಿಗೆ ಹೋಗಿ ನಿಲ್ಲುವುದು ಎಲ್ಲರ ಅಭ್ಯಾಸ. ನನ್ನ ಮಾತು ಕೇಳುವುದಾದರೆ ಮೊದಲು ಕೋಡಿ ಹುಡುಕಿ. ಏರಿಯ ಒಂದು ತುದಿಯಲ್ಲಿ, ಸಾಮಾನ್ಯವಾಗಿ ಗಟ್ಟಿ ನೆಲವಿರುವ ಕಡೆ, ಹೆಚ್ಚಾದ ನೀರು ಹೊರಗೆ ಹೋಗಲು ಬಿಟ್ಟ ಕಲ್ಲಿನ ದಾರಿ ಅದು. ಕೆರೆ ಉಳಿಯುವುದೇ ಅದರಿಂದ. ಕೋಡಿ ಕಟ್ಟಿಕೊಂಡರೆ ನೀರು ಏರಿಯ ಮೇಲೆ ಹತ್ತುತ್ತದೆ, ಮಣ್ಣಿನ ಏರಿ ಒಡೆಯಲು ಆಮೇಲೆ ಹೆಚ್ಚು ಹೊತ್ತು ಬೇಕಿಲ್ಲ. ಕೋಡಿ ಸಿಗದಿದ್ದರೆ ದನ ಕಾಯುವವರನ್ನು ಕೇಳಿ. ‘ಅಣ್ಣಾ, ಕೋಡಿ ಯಾವ ಕಡೆ?’ ಎಂದರೆ ಸಾಕು, ದಾರಿಯ ಜೊತೆಗೆ ಯಾವ ವರ್ಷ ಎಷ್ಟು ದಿನ ಹರಿಯಿತು ಎಂಬ ಕಥೆಯೂ ಬರುತ್ತದೆ. ಈ ಸೀಮೆಯಲ್ಲಿ ವಯಸ್ಸಾದವರು ಮದುವೆ, ಹೆರಿಗೆ, ಸಾವುಗಳನ್ನು ಕೋಡಿ ಬಿದ್ದ ವರ್ಷಕ್ಕೆ ಹೊಂದಿಸಿ ನೆನಪಿಟ್ಟುಕೊಂಡಿರುತ್ತಾರೆ.

ಕೋಡಿಯಲ್ಲಿ ಹರಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಹಳ್ಳದ ಜಾಡು ಹಿಡಿದು ನೋಡಿದರೆ ಇನ್ನೊಂದು ಕೆರೆ ಸಿಗುತ್ತದೆ. ಅದರ ಕೋಡಿಯಿಂದ ಮತ್ತೊಂದು. ಇಲ್ಲಿನ ಬೆಟ್ಟಗಳು ಬರಿ ಬಂಡೆ. ಬಿದ್ದ ಮಳೆ ಇಂಗುವುದಕ್ಕಿಂತ ಜಾರುವುದೇ ಹೆಚ್ಚು. ಜಾರುವ ನೀರನ್ನು ಬುಡದಲ್ಲಿ ಒಂದು ಕೆರೆ ಹಿಡಿಯುತ್ತದೆ, ಹಿಡಿಯಲಾರದ್ದನ್ನು ಕೆಳಗಿನದಕ್ಕೆ ಬಿಡುತ್ತದೆ. ಮೇಲಿನ ಊರಿನವರು ಕೋಡಿಯ ಕಲ್ಲನ್ನು ಒಂದು ಗೇಣು ಎತ್ತರಿಸಿದರೂ ಕೆಳಗಿನ ಊರಿಗೆ ನೀರಿಲ್ಲ. ಎಷ್ಟೋ ಜಗಳ, ಎಷ್ಟೋ ಒಪ್ಪಂದ ಈ ಒಂದು ಗೇಣಿನ ಮೇಲೆ ನಡೆದಿವೆ. 1860ರ ದಶಕದಲ್ಲಿ ಮೈಸೂರು ಸೀಮೆಯ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ ಇಲ್ಲಿನ ಕೆರೆಗಳನ್ನು ಪರಿಶೀಲಿಸಿ, ಹೊಸ ಕೆರೆಗೆ ಜಾಗವೇ ಸಿಗದಷ್ಟು ಸಂಪೂರ್ಣವಾಗಿ ಹಿಂದಿನವರು ನೀರು ಹಿಡಿದಿದ್ದಾರೆ ಎಂಬ ಅರ್ಥದಲ್ಲಿ ಬರೆದಿದ್ದರು. ರಾಜ್ಯದಲ್ಲಿ ಇಂದಿಗೂ 36 ಸಾವಿರಕ್ಕೂ ಹೆಚ್ಚು ಕೆರೆಗಳ ಲೆಕ್ಕವಿದೆ. ಆ ಸಂಖ್ಯೆ ಓದಿದಾಗ ಹುಟ್ಟದ ಬೆರಗು, ಒಂದು ಕೋಡಿಯಿಂದ ಇನ್ನೊಂದು ಕೆರೆಗೆ ನಡೆದು ಹೋದಾಗ ಹುಟ್ಟುತ್ತದೆ.

ಕೋಡಿಯಾದ ಮೇಲೆ ತೂಬು. ಹಳೆಯ ಕೆರೆಗಳಲ್ಲಿ ನೀರಿನೊಳಗೆ ಎರಡು ಕಲ್ಲುಕಂಬ, ಅವುಗಳ ನಡುವೆ ಅಡ್ಡಪಟ್ಟಿ ಕಾಣುತ್ತದೆ. ಹೊಸಬರು ಅದನ್ನು ಮುಳುಗಿದ ಮಂಟಪವೆಂದುಕೊಳ್ಳುವುದುಂಟು. ಅಡ್ಡಕಲ್ಲಿನ ತೂತಿನ ಮೂಲಕ ಇಳಿಬಿಟ್ಟ ಕೋಲನ್ನು ಎತ್ತಿದರೆ ತಳದ ರಂಧ್ರ ತೆರೆದು, ಏರಿಯ ಅಡಿಯಿಂದ ನೀರು ಕಾಲುವೆಗೆ ಬೀಳುತ್ತದೆ. ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂದು ನೋಡಿಕೊಳ್ಳುವವರು ನೀರಗಂಟಿ. ಹಿಂದೆ ಸುಗ್ಗಿಯಲ್ಲಿ ಊರವರು ಅವರಿಗೆ ಧಾನ್ಯ ಅಳೆದು ಕೊಡುತ್ತಿದ್ದರು. ಈಗಲೂ ಕೆಲವು ಊರುಗಳಲ್ಲಿ ಆ ಕೆಲಸ ಬಲ್ಲವರು ಇದ್ದಾರೆ. ಅಂಥವರು ಸಿಕ್ಕರೆ, ಅವರು ಬಿಡುವಾಗಿದ್ದರೆ, ಪಕ್ಕದಲ್ಲಿ ಕೂತು ಕೇಳಿ. ಮಕ್ಕಳು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಶಾಲೆಯ ಪುಸ್ತಕದಲ್ಲಿ ಒತ್ತಡ, ಹರಿವು ಎಂದು ಓದಿದ್ದನ್ನು ಅವರು ಕೈಬೆರಳಿನ ಅಳತೆಯಲ್ಲಿ ಹೇಳುತ್ತಾರೆ.

ಏರಿಯ ಹಿಂಭಾಗಕ್ಕೆ ಇಳಿದರೆ ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಗದ್ದೆಗಳು. ಬೇರೆ ಕಡೆ ಒಣಗಿದ ಬೆಟ್ಟ, ಇಲ್ಲಿ ಮಾತ್ರ ಹಸಿರು. ಗದ್ದೆಯ ಬದುವಿನ ಮೇಲೆ ನಡೆಯುವಾಗ ಒಬ್ಬರ ಹಿಂದೆ ಒಬ್ಬರು ನಡೆಯಿರಿ, ಬದು ತುಳಿದು ಒಡೆಯಬೇಡಿ. ನಮಗೆ ಅದು ಕಾಲುದಾರಿ. ಆ ರೈತರಿಗೆ ಅದು ರಾತ್ರಿಯೆಲ್ಲ ಕಾದು ಹಿಡಿದಿಟ್ಟ ನೀರಿನ ಗೋಡೆ.

ಏರಿಯ ಮೇಲೋ ಕೋಡಿಯ ಪಕ್ಕದಲ್ಲೋ ಒಂದು ಸಣ್ಣ ಗುಡಿ ಇರುತ್ತದೆ. ಗಂಗಮ್ಮ ಅನ್ನುವವರುಂಟು, ಕೋಡಮ್ಮ ಅನ್ನುವವರುಂಟು. ಕೆಲವು ಕಡೆ ಕುಂಕುಮ ಬಳಿದ ಒಂದು ಕಲ್ಲು, ಅಷ್ಟೇ. ಕೆರೆ ಕೋಡಿ ಬಿದ್ದಾಗ ಊರ ಹೆಂಗಸರು ಮೊರದಲ್ಲಿ ಅರಿಸಿನ ಕುಂಕುಮ, ಬಳೆ, ಧಾನ್ಯವಿಟ್ಟು ಬಾಗಿನ ಬಿಡುತ್ತಾರೆ. ಆ ದಿನ ನೀವು ಅಲ್ಲಿದ್ದರೆ ನಿಮ್ಮ ರಜೆ ಸಾರ್ಥಕ. ‘ಬಾರಮ್ಮಾ’ ಎಂದು ಕರೆದು ಕುಂಕುಮ ಕೊಡುತ್ತಾರೆ, ಹೆಸರುಬೇಳೆ, ಪಾನಕ ಕೊಡುತ್ತಾರೆ. ಕರೆದಾಗ ಹೋಗಿ, ಅವರ ನಡುವೆ ಕ್ಯಾಮೆರಾ ಹಿಡಿದು ನುಗ್ಗಬೇಡಿ.

ಮರಳಿನಿಂದ ಉಕ್ಕುವ ನೀರು

ಕೆರೆ ನೋಡಲು ಬಂದವರು ತಲಪರಿಗೆ ನೋಡದೆ ಹೋಗಬಾರದು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಮರಳು ನೆಲದಲ್ಲಿ ನೀರು ಮೇಲ್ಮೈಗೆ ತೀರ ಹತ್ತಿರದಲ್ಲಿ ಹರಿಯುವ ಜಾಗಗಳಿವೆ. ಅಲ್ಲಿ ಗುಂಡಿ ತೋಡಿ, ಕಲ್ಲು ಕಟ್ಟಿ, ಉಕ್ಕಿದ ನೀರನ್ನು ಕಾಲುವೆಯಲ್ಲಿ ಹೊಲಗದ್ದೆಗೆ ಹರಿಸಿಕೊಳ್ಳುವ ವ್ಯವಸ್ಥೆಯೇ ತಲಪರಿಗೆ. ಎತ್ತಬೇಕಿಲ್ಲ, ಸೇದಬೇಕಿಲ್ಲ, ಕರೆಂಟು ಬೇಕಿಲ್ಲ. ಬಿ. ಎಲ್. ರೈಸ್ ಅವರು ಮೈಸೂರು ಗೆಜೆಟಿಯರ್‌ನಲ್ಲಿ ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರಿನ ಕಡೆಗೆ ಎಳೆದ ಗೆರೆಯ ಪೂರ್ವಕ್ಕೆ ಇಂಥ ಊಟೆಗಳು ಹಬ್ಬಿರುವುದನ್ನು ವಿವರವಾಗಿ ಬರೆದಿದ್ದಾರೆ. ನಮ್ಮ ಕಾಲದಲ್ಲಿ ತುಮಕೂರಿನ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಊರೂರು ಅಲೆದು ತಲಪರಿಗೆಗಳನ್ನು ದಾಖಲಿಸಿದ್ದಾರೆ.

ತಲಪರಿಗೆಯ ಸೊಗಸು ನೀರಿನಲ್ಲಿರುವಷ್ಟೇ ಅದರ ಹಂಚಿಕೆಯಲ್ಲೂ ಇದೆ. ಒಂದು ತಲಪರಿಗೆಯ ನೀರಿಗೆ ಇಂತಿಷ್ಟು ಕುಟುಂಬಗಳ ಸರದಿ. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಹೂಳು ತೆಗೆಯಬೇಕು. ಹೂಳು ತೆಗೆಯಲು ಬಾರದವರಿಗೆ ನೀರಿನ ಮೇಲೆ ಮಾತಿಲ್ಲ. ಕೊಳವೆಬಾವಿಗಳು ನೂರಾರು ಅಡಿ ಇಳಿದ ಮೇಲೆ, ಹೊಳೆಯ ಮರಳು ಖಾಲಿಯಾದ ಮೇಲೆ, ಎಷ್ಟೋ ತಲಪರಿಗೆ ಬತ್ತಿದವು. ಬತ್ತಿದ ಮೇಲೆ ಕೂಡಿ ಹೂಳು ತೆಗೆಯುವ ಕಾರಣವೂ ಹೋಯಿತು. ಆದರೂ ಮಳೆ ಚೆನ್ನಾಗಿ ಬಂದ ವರ್ಷ ಕೆಲವು ಮತ್ತೆ ಜಿನುಗುತ್ತವೆ. ಹಳ್ಳಿಯ ಹೋಟೆಲಿನಲ್ಲಿ ಟೀ ಕುಡಿಯುವಾಗ ಯಜಮಾನರೊಬ್ಬರನ್ನು ಕೇಳಿ ನೋಡಿ. ಜೊತೆಗೇ ಎದ್ದು ಬಂದು ತೋರಿಸುವವರು ಇಲ್ಲಿದ್ದಾರೆ. ಮೇಲಿನ ಕೆರೆ ತುಂಬಿದರೆ ಕೆಳಗಿನ ತಲಪರಿಗೆ ಹರಿಯುತ್ತದೆ ಎಂಬ ಸಂಬಂಧ ಅವರಿಂದಲೇ ಕೇಳಬೇಕು. ಕೆರೆ ಎಂದರೆ ಕಣ್ಣಿಗೆ ಕಾಣುವ ನೀರು ಮಾತ್ರವಲ್ಲವೆಂದು ಆಗ ತಿಳಿಯುತ್ತದೆ.

ಹಕ್ಕಿಗಳ ವಿಷಯಕ್ಕೆ ಬಂದರೆ, ಬೆಳಗ್ಗೆ ಆರರಿಂದ ಎಂಟರ ನಡುವೆ ಏರಿಯಿಂದಲ್ಲ, ಎದುರಿನ ಹಿನ್ನೀರಿನ ಕಡೆಯಿಂದ ನೋಡಬೇಕು. ಅಲ್ಲಿ ನೀರು ತೆಳು, ಕೆಸರು ಹೆಚ್ಚು; ಹಕ್ಕಿಗಳಿಗೆ ಬೇಕಾದ್ದು ಅದೇ. ನಾಮದ ಕೋಳಿ, ಗುಳುಮುಳುಕ, ನೀರುಕಾಗೆ, ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿ, ಮಿಂಚುಳ್ಳಿ ಯಾವ ಕೆರೆಯಲ್ಲೂ ಸಿಗುತ್ತವೆ. ನವೆಂಬರ್ ಕಳೆದಂತೆ ಉತ್ತರದಿಂದ ಬರುವ ಬಾತುಗಳೂ ಸೇರಿಕೊಳ್ಳುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಂದಾಗಿ ಹೆಸರಾಗಿ 2024ರಲ್ಲಿ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಅದೂ ಒಂದು ಊರಿನ ನೀರಾವರಿ ಕೆರೆಯೇ. ಸುತ್ತಲಿನ ಹೊಲಗಳಲ್ಲಿ ಮೇವು, ಕೆರೆಯಲ್ಲಿ ನೆಮ್ಮದಿ ಸಿಕ್ಕಿದ್ದರಿಂದ ಹಕ್ಕಿಗಳು ಅದನ್ನು ಆರಿಸಿಕೊಂಡವು. ನಮ್ಮ ಸೀಮೆಯ ಕೆರೆಗಳಿಗೆ ಆ ನೆಮ್ಮದಿ ಕೊಡುವುದು ಬರುವವರ ಕೈಯಲ್ಲೂ ಇದೆ: ಹಾಡು ಹಾಕಬೇಡಿ, ಡ್ರೋನ್ ಹಾರಿಸಬೇಡಿ, ಹಕ್ಕಿ ಹಾರುವ ಫೋಟೊಗಾಗಿ ಕಲ್ಲೆಸೆಯಬೇಡಿ.

ಇನ್ನೊಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಕೆರೆಗೆ ಇಳಿದು ಈಜಬೇಡಿ, ಮಕ್ಕಳನ್ನು ಇಳಿಸಬೇಡಿ. ಬರಗಾಲದಲ್ಲಿ ಜೆಸಿಬಿಯಿಂದ ಮಣ್ಣು ತೆಗೆದ ಆಳದ ಗುಂಡಿಗಳು ನೀರು ತುಂಬಿದ ಮೇಲೆ ಕಾಣಿಸುವುದಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವರು ಒಂದು ಹೆಜ್ಜೆಗೆ ಎರಡಾಳು ಆಳಕ್ಕೆ ಹೋಗುತ್ತಾರೆ. ತಳದ ಗೋಡು ಕಾಲನ್ನು ಬಿಡುವುದಿಲ್ಲ. ರಜೆಯ ದಿನಗಳಲ್ಲಿ ಕೆರೆ, ಕೃಷಿಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಹರಿಯುವ ಕೋಡಿಯ ಕಲ್ಲಿನ ಮೇಲೆ ಪಾಚಿ ಇರುತ್ತದೆ. ಅಲ್ಲಿ ನಿಂತು ಸೆಲ್ಫಿ ತೆಗೆಯುವುದೂ ಬೇಡ. ಮೀನು ಹಿಡಿಯುವ ಆಸೆಯಿದ್ದರೆ ಕೆರೆಯನ್ನು ಗುತ್ತಿಗೆ ಹಿಡಿದವರನ್ನು ಕೇಳಿಯೇ ಗಾಳ ಹಾಕಬೇಕು. ಬಲೆ ಎಳೆಯುವ ಹೊತ್ತಿಗೆ ದಡದಲ್ಲಿದ್ದರೆ ತಾಜಾ ಮೀನು ತೂಕಕ್ಕೆ ಕೊಳ್ಳಬಹುದು, ಅದೇ ಹೆಚ್ಚು ಸುಲಭ.

ಊಟದ ಚಿಂತೆ ಇಲ್ಲ. ಮುದ್ದೆ, ಹುರುಳಿಕಾಳಿನ ಸಾರು ಎಲ್ಲ ಪಟ್ಟಣಗಳಲ್ಲೂ ಸಿಗುತ್ತದೆ. ಅಕ್ಟೋಬರ್‌ನಲ್ಲಿ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿರುತ್ತಾರೆ; ಉಪ್ಪು ಹಾಕಿ ಬೇಯಿಸಿದ ಹಸಿ ಕಡಲೆಕಾಯಿ, ಗುಡ್ಡದಿಂದ ಬುಟ್ಟಿಯಲ್ಲಿ ಇಳಿದು ಬರುವ ಸೀತಾಫಲ ಆ ತಿಂಗಳ ರುಚಿ. ತಂಗಲು ಮಧುಗಿರಿ, ಕೊರಟಗೆರೆ, ಶಿರಾದಲ್ಲಿ ಸಾಧಾರಣ ವಸತಿಗೃಹಗಳಿವೆ.

ಎರಡು ದಿನ ಇರುವವರು ಒಂದು ಬೆಳಿಗ್ಗೆಯನ್ನು ಮಧುಗಿರಿ ಬೆಟ್ಟಕ್ಕೆ ಕೊಡಬೇಕು. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಈ ಏಕಶಿಲೆಯ ಹತ್ತುದಾರಿ ಕಡಿದು, ಕೆಲವು ಕಡೆ ಬಂಡೆಗೆ ಕೊರೆದ ಕಚ್ಚುಗಳಷ್ಟೇ ಆಸರೆ. ಬಿಸಿಲೇರುವ ಮೊದಲು ಹೊರಡಿ, ಬಂಡೆ ಒದ್ದೆಯಿದ್ದರೆ ಹತ್ತದೆ ಬಿಡಿ. ಮೇಲೆ ಹೋದವರಿಗೆ ಅಲ್ಲಿನ ಕೋಟೆಗಿಂತ ನಾನು ತೋರಿಸಲು ಬಯಸುವುದು ಸುತ್ತಲಿನ ಕೆರೆಗಳನ್ನು. ಕೆಳಗೆ ನಡೆದಾಡಿ ಜಾಡು ಹಿಡಿದ ಕೋಡಿ, ಹಳ್ಳ, ಮುಂದಿನ ಕೆರೆ ಎಲ್ಲವೂ ಒಂದೇ ನೋಟಕ್ಕೆ ಬಿಡಿಸಿಟ್ಟ ನಕ್ಷೆಯಾಗಿ ಕಾಣುತ್ತವೆ.

ಇನ್ನೊಂದು ಬೆಳಿಗ್ಗೆ ಮೈದನಹಳ್ಳಿಗೆ. ಆಂಧ್ರದ ಗಡಿಗೆ ಅಂಟಿಕೊಂಡ 798 ಎಕರೆಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಹೊಳೆಯ ಹೆಸರನ್ನೇ ಅದಕ್ಕೆ ಇಟ್ಟರು. ಕೃಷ್ಣಮೃಗಕ್ಕೆ ಕಾಡು ಬೇಡ, ದೂರ ಕಾಣುವ ಬಯಲು ಬೇಕು. ಬಯಲನ್ನು ಪಾಳು ಎಂದು ಕರೆದು ಮರ ನೆಡುವ ಉತ್ಸಾಹಕ್ಕೆ ಈ ಪುಟ್ಟ ಹುಲ್ಲುಗಾವಲು ಒಳ್ಳೆಯ ಉತ್ತರ. ಕಾವಲುಗೋಪುರದಿಂದ ನೋಡಿ, ವಾಹನದಲ್ಲಿ ಹಿಂಡನ್ನು ಬೆನ್ನಟ್ಟಬೇಡಿ.

ಮಳೆಗಾಲದ ಈ ಪ್ರವಾಸ ಹಿಡಿಸಿದರೆ ಫೆಬ್ರುವರಿ, ಮಾರ್ಚ್‌ನಲ್ಲಿ ಇನ್ನೊಮ್ಮೆ ಬನ್ನಿ, ಆಗ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ. ಆ ಊರಿನ ಹುಣಸೆಮರಗಳ ಮೇಲೆ, ಮನೆಗಳ ಪಕ್ಕದಲ್ಲೇ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ದಕ್ಷಿಣ ಭಾರತದಲ್ಲಿ ಕೊಕ್ಕರೆ ಬೆಳ್ಳೂರಿನ ನಂತರ ಹೆಸರು ಹೇಳುವ ತಾಣ ಇದು. ಗಡಿಯಾಚೆ ಹಿಂದೂಪುರದ ಕಡೆಯ ವೀರಾಪುರದಲ್ಲೂ ಇದೇ ನೋಟವಿದೆ. ಎರಡೂ ಊರಿನವರು ಹಕ್ಕಿಗಳನ್ನು ಮಗಳು ಬಾಣಂತನಕ್ಕೆ ಬಂದಂತೆ ನೋಡಿಕೊಳ್ಳುತ್ತಾರೆ. ಆ ಮರಿಗಳ ಬಾಯಿಗೆ ಬೀಳುವ ಮೀನು ಬರುವುದು ಸುತ್ತಲಿನ ಕೆರೆಗಳಿಂದ. ಅಕ್ಟೋಬರ್‌ನಲ್ಲಿ ನೀವು ನೋಡಿದ ನೀರು ಬೇಸಿಗೆಯವರೆಗೆ ಎಷ್ಟು ಉಳಿಯಿತು ಎಂಬುದರ ಮೇಲೆ ಆ ವರ್ಷ ಮರಗಳಲ್ಲಿ ಎಷ್ಟು ಗೂಡು ಎಂಬುದು ನಿಂತಿರುತ್ತದೆ. ಕಗ್ಗಲಡುವಿಗೆ ಹೋಗುವ ದಾರಿಯಲ್ಲಿ ಮೊದಲು ಒಂದೆರಡು ಕೆರೆಗಳ ನೀರಿನ ಮಟ್ಟ ನೋಡಿಕೊಂಡೇ ಊರೊಳಗೆ ಹೋಗಿ, ಮರದ ಕೆಳಗೆ ನಿಂತು ಎಣಿಸಿ.